ಸೆಪ್ಟೆಂಬರ್ 12ರ ತಂಬೂರಿ

ನಮ್ಮ ಆಫೀಸಿನ ಲಿಫ್ಟ್ ಪಕ್ಕ ಒಂದು ಟಿವಿ ಪರದೆ ಇದೆ. ಮೊದಲು ಅದರಲ್ಲಿ ಬರೀ ಕಂಪನಿಯ ಸೂಚನೆಗಳು ಓಡುತ್ತಿದ್ದವು, ಯಾರೂ ನೋಡುತ್ತಿರಲಿಲ್ಲ. "ಏನಾದರೂ ಮಜಾ ಇರೋದು ಹಾಕಪ್ಪಾ" ಅಂತ ಮ್ಯಾನೇಜರ್ ಹೇಳಿದಾಗ, ನಾನು ಒಂದು ಶನಿವಾರ ಕೂತು ಚಿಕ್ಕದೊಂದು ಪ್ರೋಗ್ರಾಂ ಬರೆದೆ. ದಿನಾ ಬೆಳಿಗ್ಗೆ ಆವತ್ತಿನ ತಾರೀಖು ನೋಡಿಕೊಂಡು, ಸಂಗೀತದ ಇತಿಹಾಸದಲ್ಲಿ ಅದೇ ದಿನ ಏನೇನಾಗಿತ್ತು ಅಂತ ಮೂರು ಸಾಲು ತೋರಿಸುವುದು ಅದರ ಕೆಲಸ. ಲಿಫ್ಟ್ ಬರುವ ತನಕ ಜನ ಓದಲು ಶುರು ಮಾಡಿದರು. ನನಗೂ ಖುಷಿ.

ಹೋದ ವರ್ಷ ಸೆಪ್ಟೆಂಬರ್ 12ರಂದು ಪರದೆ ಮೇಲೆ ಬಂದ ಮೂರು ಸಾಲು ಇವು: 1840ರಲ್ಲಿ ಜರ್ಮನಿಯ ಸಂಗೀತಗಾರ ರಾಬರ್ಟ್ ಶೂಮನ್ ಪಿಯಾನೊ ವಾದಕಿ ಕ್ಲಾರಾಳನ್ನು ಮದುವೆಯಾದ. 1952ರಲ್ಲಿ ಕೆನಡಾದ 'ರಶ್' ತಂಡದ ಡ್ರಮ್ಮರ್ ನೀಲ್ ಪಿಯರ್ಟ್ ಹುಟ್ಟಿದ. 2003ರಲ್ಲಿ ಅಮೆರಿಕದ ಗಾಯಕ ಜಾನಿ ಕ್ಯಾಶ್ ತೀರಿಕೊಂಡ. ನಾನು ಫೋಟೋ ತೆಗೆದು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮಗ ಏನು ಕೆಲಸ ಮಾಡುತ್ತಾನೆ ಅಂತ ಮನೆಯವರಿಗೂ ಗೊತ್ತಾಗಲಿ ಅಂತ.

ಅರ್ಧ ತಾಸಿನ ಮೇಲೆ ತಿಕೋಟಾದಿಂದ ಅಪ್ಪನ ವಾಯ್ಸ್ ಮೆಸೇಜ್ ಬಂತು.

"ತಮ್ಮಾ, ಇವತ್ತ ನಮ್ಮ ಮಲ್ಲಿಕಾರ್ಜುನ ಮನ್ಸೂರರು ಹೋದ ದಿನಾ. ನಿನ್ನ ಮಷೀನಿನ್ಯಾಗ ಅವರಿಲ್ಲೇನು?"

ಇರಲಿಲ್ಲ. ನಾನು ಪ್ರೋಗ್ರಾಮಿಗೆ ಕೊಟ್ಟಿದ್ದ ಪಟ್ಟಿಯಲ್ಲಿ ನಮ್ಮ ಕಡೆಯ ಒಂದು ಹೆಸರೂ ಇರಲಿಲ್ಲ. ಪಟ್ಟಿ ಆರಿಸಿದವನು ನಾನೇ. ಹಾಗಾಗಿ ಮಷೀನಿಗೆ ಬಯ್ಯುವ ಹಾಗೂ ಇರಲಿಲ್ಲ.

ಅಪ್ಪನ ರೇಡಿಯೊ, ಅಪ್ಪನ ಕಿವಿ

ನಮ್ಮದು ದ್ರಾಕ್ಷಿ ತೋಟ. ತಿಕೋಟಾ ಕಡೆ ಈಗ ಯಾವ ರಸ್ತೆ ಹಿಡಿದರೂ ದ್ರಾಕ್ಷಿ ಬಳ್ಳಿ, ಒಣದ್ರಾಕ್ಷಿ ಶೆಡ್ಡು ಕಾಣುತ್ತವೆ. ಆದರೆ ಅಪ್ಪನ ಹರೆಯದಲ್ಲಿ ನಮ್ಮ ಹೊಲದಲ್ಲಿ ಇದ್ದದ್ದು ಬಿಳಿಜೋಳ, ಎರಡು ಎತ್ತು ಮತ್ತು ಒಂದು ರೇಡಿಯೊ. ಅಪ್ಪ ಸಂಗೀತ ಕಲಿತವನಲ್ಲ. ಅಜ್ಜ ಭಜನಿ ಮ್ಯಾಳದಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದ, ಅಪ್ಪ ಹಿಂದೆ ಕೂತು ತಾಳ ಬಾರಿಸುತ್ತಿದ್ದ, ಅಷ್ಟೇ. ಧಾರವಾಡ ಆಕಾಶವಾಣಿಯಲ್ಲಿ ಮನ್ಸೂರರು ಹಾಡಿದ ವಚನ ಕೇಳಿ ಅವರ ಹುಚ್ಚು ಹಿಡಿಯಿತು. ವಚನದಿಂದ ಖಯಾಲಿಗೆ ಬಂದ. ರಾಗದ ಹೆಸರು ತಪ್ಪಬಹುದು, ಆದರೆ ದನಿ ಕೇಳಿದ ಕೂಡಲೇ ಯಾರದ್ದು ಅಂತ ಹೇಳುತ್ತಾನೆ.

ಹೇಳುತ್ತಿದ್ದ ಅನ್ನಬೇಕು. ನಾಲ್ಕು ವರ್ಷದಿಂದ ಅಪ್ಪನ ಕಿವಿ ಮಂದವಾಗಿದೆ. ಪಂಪ್‌ಸೆಟ್ಟು, ಟ್ರ್ಯಾಕ್ಟರು, ಔಷಧ ಹೊಡೆಯುವ ಬ್ಲೋವರು, ಇವುಗಳ ಪಕ್ಕ ವರ್ಷಗಟ್ಟಲೆ ನಿಂತ ಕಿವಿ. ನಾನು ವಿಜಯಪುರಕ್ಕೆ ಕರೆದುಕೊಂಡು ಹೋಗಿ ಕಿವಿ ಮಷೀನು ಕೊಡಿಸಿದೆ. ಮೊದಲ ತಿಂಗಳ ಸಂಬಳಕ್ಕಿಂತ ಹೆಚ್ಚು ದುಡ್ಡು ಕೊಟ್ಟೆ. ಎರಡೇ ವಾರಕ್ಕೆ ಅಪ್ಪ ಅದನ್ನು ಡಬ್ಬಿಯಲ್ಲಿ ಹಾಕಿ ದೇವರ ಗೂಡಿನಲ್ಲಿ ಇಟ್ಟ.

"ಯಾಕಪ್ಪಾ?" ಅಂದರೆ, "ಮಂದಿ ಮಾತು ಕೇಳಸತೈತಿ. ಹಾಡು ಕೆಟ್ಟ ಹೋಗತೈತಿ. ತಂಬೂರಿ ಒಮ್ಮೆ ಇರತೈತಿ, ಒಮ್ಮೆ ಮಾಯ ಆಗತೈತಿ. ಅಂಥಾದ್ದು ಕೇಳೂಕಿಂತ ಸುಮ್ಮನಿರೂದ ಛಲೋ" ಅಂದ. ನಾನು ಅದನ್ನು ಹಳ್ಳಿ ಮನುಷ್ಯನ ಹಟ ಅಂದುಕೊಂಡೆ. ಅದು ನನ್ನ ತಪ್ಪು, ಮುಂದೆ ಹೇಳುತ್ತೇನೆ.

ಮೆಸೇಜ್ ಬಂದ ರಾತ್ರಿ ವಿಡಿಯೊ ಕಾಲ್ ಮಾಡಿದೆ. ಅವ್ವ ನಡುವೆ ಕೂತು ನನ್ನ ಮಾತನ್ನು ಅಪ್ಪನ ಕಿವಿಯಲ್ಲಿ ದೊಡ್ಡದಾಗಿ ಹೇಳುತ್ತಿದ್ದಳು. ಅಪ್ಪನಿಗೆ ಆ ದಿನ ಇನ್ನೂ ನೆನಪಿದೆ. "ಶನಿವಾರ ಇತ್ತು. ಎತ್ತಿಗೆ ಮೇವು ಹಾಕಾಕತ್ತಿದ್ದೆ. ರೇಡಿಯೊದಾಗ ಸುದ್ದಿ ಬಂತು. ಅಜ್ಜಗ ಹೇಳೂದ ಹ್ಯಾಂಗಂತ ಸ್ವಲ್ಪ ಹೊತ್ತು ಕೊಟ್ಟಿಗ್ಯಾಗ ನಿಂತಿದ್ದೆ." ನಾನು ಕಂಪ್ಯೂಟರಿನಲ್ಲಿ ನೋಡಿದೆ. 1992ರ ಸೆಪ್ಟೆಂಬರ್ 12 ಶನಿವಾರವೇ.

ಅಂದಿನಿಂದ ಈ ಒಂದು ತಾರೀಖನ್ನು ಹಿಡಿದುಕೊಂಡು ಕೂತೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಕುಂದಗೋಳದಿಂದ ಮನ್ಸೂರಿಗೆ ನಲವತ್ತು ವರ್ಷ

ಮನ್ಸೂರು ಧಾರವಾಡದ ಪಕ್ಕದ ಸಣ್ಣ ಊರು. ಮಲ್ಲಿಕಾರ್ಜುನ ಅಲ್ಲಿ ಹುಟ್ಟಿದ್ದು 1910ರ ಡಿಸೆಂಬರ್ 31ರಂದು. ಅಣ್ಣ ಬಸವರಾಜರ ಹಿಂದೆ ನಾಟಕ ಕಂಪನಿ ಸೇರಿದ ಹುಡುಗ, ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತ, ಆಮೇಲೆ ನೀಲಕಂಠಬುವಾ ಮಿರಜಕರರಲ್ಲಿ ಗ್ವಾಲಿಯರ್ ಶೈಲಿ ಕಲಿತರು. ಕೊನೆಗೆ ಸೇರಿದ್ದು ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜಿಖಾನರ ಬಳಿ. ಆ ಗುರು 1937ರಲ್ಲಿ ತೀರಿಕೊಂಡರು. ಆಮೇಲೆ ಅವರ ತಮ್ಮ ಭುರ್ಜಿಖಾನರ ಹತ್ತಿರ ಪಾಠ ಮುಂದುವರಿಯಿತು. ಬೇರೆಯವರು ಅಪರೂಪಕ್ಕೆ ಮುಟ್ಟುವ ರಾಗಗಳು ಮನ್ಸೂರರ ಬಾಯಲ್ಲಿ ದಿನಬಳಕೆಯ ಮಾತಿನಂತೆ ಬರುತ್ತಿದ್ದವು. 1992ರಲ್ಲಿ ಪದ್ಮವಿಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೋದರು. ಧಾರವಾಡದ ಅವರ ಮನೆ 'ಮೃತ್ಯುಂಜಯ' ಈಗ ಸ್ಮಾರಕವಾಗಿದೆ.

ನಮ್ಮ ವಿಜಯಪುರದವರಿಗೆ ಅವರ ಜೊತೆ ಇನ್ನೊಂದು ನಂಟಿದೆ. ಹಳ್ಳಿ ಹಳ್ಳಿ ಸುತ್ತಿ ತಾಳೆಗರಿ ಹುಡುಕಿ ವಚನಗಳನ್ನು ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು ವಕೀಲಿ ಮಾಡಿಕೊಂಡು ಬದುಕಿದ್ದು ನಮ್ಮ ವಿಜಯಪುರದಲ್ಲಿ. ಅವರು ಕಾಗದಕ್ಕೆ ತಂದ ವಚನ ಪರಂಪರೆಗೆ ಮನ್ಸೂರರು ರಾಗ ಕೊಟ್ಟರು. ಅಪ್ಪನಂಥ ರೈತನ ಕೊಟ್ಟಿಗೆಗೆ ವಚನ ಬಂದದ್ದು ಪುಸ್ತಕದಿಂದಲ್ಲ, ಆ ದನಿಯಿಂದ.

ಇದನ್ನು ಬರೆದುಕೊಳ್ಳುವಾಗ ಇನ್ನೊಂದು ಹೆಸರು ಕಂಡು ಬೆರಳು ನಿಂತಿತು. ಮನ್ಸೂರರಿಗಿಂತ ಸರಿಯಾಗಿ ನಲವತ್ತು ವರ್ಷ ಮೊದಲು, 1952ರ ಸೆಪ್ಟೆಂಬರ್ 12ರಂದೇ, ಪುಣೆಯಲ್ಲಿ ಸವಾಯಿ ಗಂಧರ್ವರು ತೀರಿಕೊಂಡಿದ್ದರು. ಊರು ಕುಂದಗೋಳ, ಹೆಸರು ರಾಮಭಾವು ಕುಂದಗೋಳಕರ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯ. ಮರಾಠಿ ನಾಟಕಗಳಲ್ಲಿ ಸ್ತ್ರೀ ಪಾತ್ರ ಮಾಡಿ ಹೆಸರು ಗಳಿಸಿದವರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಪಾಠಕ್ಕೆ ಹೋಗುತ್ತಿದ್ದದ್ದು ಇವರ ಬಳಿಗೇ. ಮನೆ ಬಿಟ್ಟು ಓಡಿಹೋಗಿ ಊರೂರು ಅಲೆದು ಬಂದ ಹುಡುಗ ಭೀಮಸೇನ ಜೋಶಿ, ಗುರುವಿನ ಮನೆಗೆ ನೀರು ಹೊತ್ತು ಕಲಿತದ್ದೂ ಇವರಲ್ಲೇ.

ಸವಾಯಿ ಗಂಧರ್ವರಿಗೆ ಕೊನೆಯ ವರ್ಷಗಳಲ್ಲಿ ಪಾರ್ಶ್ವವಾಯು ಬಡಿದು ಹಾಡುಗಾರಿಕೆ ನಿಂತುಹೋಗಿತ್ತು. ಹಾಡಲಾರದ ಗುರು, ಹಾಡುವ ಶಿಷ್ಯರು. ಅವರು ಹೋದ ಮರುವರ್ಷ, 1953ರಲ್ಲಿ, ಶಿಷ್ಯರು ಪುಣೆಯಲ್ಲಿ ಅವರ ನೆನಪಿನ ಸಂಗೀತೋತ್ಸವ ಶುರು ಮಾಡಿದರು. ಅದು ಈಗ ದೇಶದ ದೊಡ್ಡ ಉತ್ಸವಗಳಲ್ಲಿ ಒಂದು. ಆದರೆ ನಡೆಯುವುದು ಡಿಸೆಂಬರಿನಲ್ಲಿ. ಹಾಗಾಗಿ ಅವರ ಹೆಸರು ಎಲ್ಲರಿಗೂ ಗೊತ್ತು, ಸೆಪ್ಟೆಂಬರ್ 12 ಮಾತ್ರ ಮರೆತುಹೋಗಿದೆ.

ಮತ್ತೆ ನಮ್ಮ ಲಿಫ್ಟ್ ಪರದೆ ನೆನಪಾಯಿತು. ನೀಲ್ ಪಿಯರ್ಟ್ ಹುಟ್ಟಿದ್ದೂ 1952ರ ಅದೇ ಶುಕ್ರವಾರ. ಕೆನಡಾದ ಕೂಸಿನ ಅಳು ನನ್ನ ಪಟ್ಟಿಗೆ ಸೇರಿತ್ತು, ಕುಂದಗೋಳದ ಗುರುವಿನ ಹೆಸರು ಸೇರಿರಲಿಲ್ಲ.

ಜೋಡಿಯಲ್ಲಿ ಒಬ್ಬ

ಇನ್ನೊಂದು ಸಾಲು ಹಿಂದಿ ಸಿನಿಮಾ ಹಾಡಿನವರಿಗೆ. ಶಂಕರ್-ಜೈಕಿಶನ್ ಜೋಡಿಯ ಜೈಕಿಶನ್ ಮುಂಬೈಯಲ್ಲಿ ತೀರಿಕೊಂಡದ್ದು 1971ರ ಸೆಪ್ಟೆಂಬರ್ 12ರಂದು, ಆಗ ವಯಸ್ಸು ಬರೀ 41. ಗುಜರಾತಿನಿಂದ ಬಂದ ಹಾರ್ಮೋನಿಯಂ ಹುಡುಗ, ತಬಲಾ ಬಾರಿಸುವ ಶಂಕರ್ ಜೊತೆ ಸೇರಿ 1949ರ 'ಬರ್ಸಾತ್' ಚಿತ್ರಕ್ಕೆ ಸಂಗೀತ ಕೊಟ್ಟಾಗ ಇಪ್ಪತ್ತರ ಆಸುಪಾಸು. ಜೈಕಿಶನ್ ಹೋದ ಮೇಲೂ ಶಂಕರ್ 1987ರಲ್ಲಿ ತಾವು ತೀರಿಕೊಳ್ಳುವ ತನಕ ಸಿನಿಮಾಗಳಿಗೆ ಸಂಗೀತ ಕೊಟ್ಟರು, ಆದರೆ ಹೆಸರು 'ಶಂಕರ್-ಜೈಕಿಶನ್' ಅಂತಲೇ ಉಳಿಸಿಕೊಂಡರು. ಇದನ್ನು ಹೇಳಿದಾಗ ಅವ್ವ, "ಮನಿ ಬಾಗಲದ ಮ್ಯಾಲಿನ ಹೆಸರು ಯಾರರೆ ಅಳಸ್ತಾರೇನು?" ಅಂದಳು.

ನಾಲ್ಕು ವರ್ಷ ನೋಡದೇ ಹೋದ ಕಮಾನು

ಹೀಗೆ ಹುಡುಕುತ್ತಾ ಹಿಂದಕ್ಕೆ ಹೋದಂತೆ, ದಾರಿ ಬಂದು ನಿಂತದ್ದು ನಮ್ಮ ತಿಕೋಟಾ-ವಿಜಯಪುರ ರಸ್ತೆಗೇ.

ಇಂಜಿನಿಯರಿಂಗ್ ಓದುವಾಗ ನಾನು ನಾಲ್ಕು ವರ್ಷ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗುತ್ತಿದ್ದೆ. ಊರು ಮುಟ್ಟುವ ಐದಾರು ಕಿಲೋಮೀಟರ್ ಮೊದಲು ತೊರವಿ ಬರುತ್ತದೆ. ತೊರವೆ ರಾಮಾಯಣದ ತೊರವಿ ಇದೇ, ನರಸಿಂಹನ ಗುಡಿ ಇರುವ ಊರು. ಅದರ ಬಗಲಿಗೇ ಹಾಳುಬಿದ್ದ ನವರಸಪುರ. ಸಂಗೀತ ಮಹಲಿನ ಎತ್ತರದ ಕಮಾನು ಇನ್ನೂ ನಿಂತಿದೆ. ನಾನು ಆಗ ಕಿವಿಗೆ ಇಯರ್‌ಫೋನ್ ಹಾಕಿ, ಸೆಮಿಸ್ಟರ್ ಪರೀಕ್ಷೆಯ ನೋಟ್ಸ್ ನೋಡುತ್ತಾ ಹೋಗುತ್ತಿದ್ದೆ. ಒಂದು ದಿನವೂ ಇಳಿದು ನೋಡಲಿಲ್ಲ.

ಆ ನವರಸಪುರವನ್ನು 1599ರಲ್ಲಿ ಕಟ್ಟಿಸಲು ಶುರು ಮಾಡಿದವನು ಎರಡನೇ ಇಬ್ರಾಹಿಂ ಆದಿಲ್‌ಶಾಹಿ. ಎಳೆಯ ವಯಸ್ಸಿನಲ್ಲಿ, 1580ರಲ್ಲಿ, ಪಟ್ಟಕ್ಕೆ ಬಂದ. ಚಾಂದಬೀಬಿ ಅವನ ಪರವಾಗಿ ರಾಜ್ಯ ನೋಡಿಕೊಂಡಳು. ದೊಡ್ಡವನಾದ ಮೇಲೆ ಅವನ ಒಲವೆಲ್ಲ ಸಂಗೀತದ ಕಡೆ. ದಖ್ಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಪುಸ್ತಕ ಬರೆದ. ಅದರಲ್ಲಿ 59 ಗೀತಗಳು, 17 ದ್ವಿಪದಿಗಳು, ಪ್ರತಿ ಗೀತಕ್ಕೂ ರಾಗದ ಹೆಸರು. ಮುಸ್ಲಿಂ ಸುಲ್ತಾನ ಸರಸ್ವತಿಯನ್ನು ನೆನೆದು ಪುಸ್ತಕ ತೆರೆಯುತ್ತಾನೆ. ಜನ ಅವನನ್ನು 'ಜಗದ್ಗುರು ಬಾದಶಹ' ಅಂದರು. ಅವನು ತನ್ನ ತಂಬೂರಿಗೆ ಒಂದು ಹೆಸರು ಇಟ್ಟಿದ್ದ: ಮೋತಿಖಾನ್. ಹಾಡಿನಲ್ಲೂ ಅದರ ಹೆಸರು ತಂದಿದ್ದಾನೆ. ನವರಸಪುರ ಹೆಚ್ಚು ದಿನ ಬಾಳಲಿಲ್ಲ. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ದಾಳಿ ಮಾಡಿ ಹಾಳುಗೆಡವಿದ.

ಅದಾದ ಮೂರು ವರ್ಷಕ್ಕೆ ಇಬ್ರಾಹಿಂ ತೀರಿಕೊಂಡ. ಇತಿಹಾಸದ ಪುಸ್ತಕಗಳು ಕೊಡುವ ತಾರೀಖು 1627ರ ಸೆಪ್ಟೆಂಬರ್ 12. ಅವನ ಸಮಾಧಿಯೇ ಇಬ್ರಾಹಿಂ ರೋಜಾ. ಅವನ ನಂತರ ಪಟ್ಟಕ್ಕೆ ಬಂದ ಮಗ ಮಹಮ್ಮದ್ ಆದಿಲ್‌ಶಾಹಿ ಕಟ್ಟಿಸಿಕೊಂಡದ್ದು ಗೋಲಗುಮ್ಮಟ. ಒಂದು ಪಿಸುಮಾತನ್ನು ಏಳೆಂಟು ಸಲ ತಿರುಗಿ ಹೇಳುವ ಆ ಗುಮ್ಮಟ ಸಂಗೀತಗಾರನ ಮಗನದು ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ.

ಇದೆಲ್ಲ ಬರೀ ಲೆಕ್ಕವೇ?

ಇಷ್ಟೆಲ್ಲ ಒಂದೇ ದಿನಕ್ಕೆ ಕೂಡಿಬಂದಾಗ ಮೈ ಜುಮ್ಮೆನ್ನುತ್ತದೆ ನಿಜ. ಆದರೆ ಇಂಜಿನಿಯರ್ ಆದವನು ಲೆಕ್ಕವನ್ನೂ ಹೇಳಬೇಕು. ಒಂದು ಕೋಣೆಯಲ್ಲಿ ಬರೀ 23 ಜನ ಇದ್ದರೆ, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಹೆಸರಾಂತ ಸಂಗೀತಗಾರರು ಸಾವಿರಾರು, ದಿನ ಇರುವುದು 365. ಯಾವ ತಾರೀಖು ಕೆದಕಿದರೂ ನಾಲ್ಕು ಹೆಸರು ಸಿಕ್ಕೇ ಸಿಗುತ್ತವೆ.

1627ರ ವಿಜಯಪುರದ ದರ್ಬಾರಿನಲ್ಲಿ ಸೆಪ್ಟೆಂಬರ್ ಅನ್ನುವುದೂ ಇರಲಿಲ್ಲ. ಅಲ್ಲಿ ನಡೆಯುತ್ತಿದ್ದದ್ದು ಹಿಜರಿ ಲೆಕ್ಕ, ಅದರಂತೆ ಅದು 1037ನೇ ವರ್ಷ. ಯುರೋಪಿನಲ್ಲೇ ಆಗ ಹತ್ತು ದಿನ ಅಂತರದ ಎರಡು ಕ್ಯಾಲೆಂಡರುಗಳು ಒಟ್ಟಿಗೆ ಓಡುತ್ತಿದ್ದವು. ಒಂದನ್ನು ಇನ್ನೊಂದಕ್ಕೆ ಬದಲಾಯಿಸುವ ತಲೆನೋವು ಪ್ರೋಗ್ರಾಂ ಬರೆಯುವವರಿಗೆಲ್ಲ ಗೊತ್ತು. ಹಾಗಾಗಿ ಈ ತಾರೀಖಿನಲ್ಲಿ ಏನೋ ಶಕ್ತಿ ಇದೆ ಅಂತ ನಾನು ಹೇಳುವುದಿಲ್ಲ. ತಾರೀಖು ಅಂದರೆ ಗೋಡೆಗೆ ಹೊಡೆದ ಮೊಳೆ. ಅಂಗಿ ನೇತು ಹಾಕಬೇಕಾದವರು ನಾವು.

ಅದೇ ದಿನ ಡಲ್ಲಾಸಿನಲ್ಲಿ

ಸಂಗೀತದ ಪಟ್ಟಿಯಲ್ಲಿ ಯಾರೂ ಸೇರಿಸದ ಒಂದು ಸೆಪ್ಟೆಂಬರ್ 12 ಇದೆ. ನನ್ನ ಅನ್ನ ಅದರಿಂದಲೇ ಹುಟ್ಟುವುದು. 1958ರಲ್ಲಿ ಅಮೆರಿಕದ ಡಲ್ಲಾಸಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ಜ್ಯಾಕ್ ಕಿಲ್ಬಿ ಎಂಬ ಇಂಜಿನಿಯರ್ ಆಗತಾನೇ ಕೆಲಸಕ್ಕೆ ಸೇರಿದ್ದ. ಬೇಸಿಗೆಯಲ್ಲಿ ಎಲ್ಲರೂ ರಜೆಗೆ ಹೋದರು, ಹೊಸಬನಿಗೆ ರಜೆ ಇರಲಿಲ್ಲ. ಖಾಲಿ ಲ್ಯಾಬಿನಲ್ಲಿ ಕೂತು ಒಂದು ಸರ್ಕ್ಯೂಟಿನ ಭಾಗಗಳನ್ನೆಲ್ಲ ಒಂದೇ ತುಣುಕು ಜರ್ಮೇನಿಯಂ ಮೇಲೆ ಮಾಡಿದ. ಸೆಪ್ಟೆಂಬರ್ 12ರಂದು ಮೇಲಧಿಕಾರಿಗಳ ಮುಂದೆ ಸ್ವಿಚ್ ಒತ್ತಿದಾಗ ಪರದೆಯ ಮೇಲೆ ಒಂದು ಅಲೆ ಮೂಡಿತು, ಏರಿ ಇಳಿದು ಏರುವ ಸೈನ್ ಅಲೆ. ಕಿವಿಗೆ ಕೇಳಿಸುವ ಅಲೆಯಲ್ಲ ಅದು. ಆದರೆ ಒಂದೇ ಒಂದು ಶುದ್ಧ ಸ್ವರವನ್ನು ಚಿತ್ರವಾಗಿ ಬರೆದರೆ ಬರುವ ಆಕಾರ ಅದೇ. ಇಂಟಿಗ್ರೇಟೆಡ್ ಸರ್ಕ್ಯೂಟ್, ಅಂದರೆ ಇವತ್ತಿನ ಚಿಪ್ ಹುಟ್ಟಿದ್ದು ಹಾಗೆ. 2000ದಲ್ಲಿ ಕಿಲ್ಬಿಗೆ ನೊಬೆಲ್ ಬಂತು.

ಆ ಕಂಪನಿಗೆ ಬರುವ ಮೊದಲು ಕಿಲ್ಬಿ ಕೆಲಸ ಮಾಡಿದ ವಸ್ತುಗಳಲ್ಲಿ ಒಂದು ಕಿವಿ ಮಷೀನಿನ ಸರ್ಕ್ಯೂಟ್. ಚಿಪ್ ಹಾಕಿ ಸಾಮಾನ್ಯ ಜನರಿಗೆ ಮಾರಿದ ಮೊದಮೊದಲ ವಸ್ತುಗಳಲ್ಲಿ ಒಂದೂ ಕಿವಿ ಮಷೀನೇ.

ಇದನ್ನು ಓದಿದಾಗ ದೇವರ ಗೂಡಿನಲ್ಲಿದ್ದ ಡಬ್ಬಿ ಕಣ್ಣ ಮುಂದೆ ಬಂತು. ಅಪ್ಪ ಹೇಳಿದ್ದನ್ನು ಮೊದಲ ಸಲ ಒಂದು ಬಗ್ ರಿಪೋರ್ಟ್ ಅಂತ ತೆಗೆದುಕೊಂಡೆ. ಆಫೀಸಿನಲ್ಲಿ ಯಾರೋ ಗೊತ್ತಿಲ್ಲದ ಗ್ರಾಹಕ 'ಕೆಲಸ ಮಾಡ್ತಿಲ್ಲ' ಅಂದರೆ ಎರಡು ದಿನ ಕೂತು ಹುಡುಕುತ್ತೇನೆ. ಅಪ್ಪ ಹೇಳಿದರೆ ಹಟ ಅಂದೆನಲ್ಲ!

ಕಾರಣ ಸುಲಭವಾಗೇ ಸಿಕ್ಕಿತು. ಕಿವಿ ಮಷೀನುಗಳನ್ನು ಮುಖ್ಯವಾಗಿ ಮಾತಿಗಾಗಿ ಹೊಂದಿಸಿರುತ್ತಾರೆ. ಮಾತು ನಿಂತು ನಿಂತು ಬರುತ್ತದೆ. ಒಂದೇ ಸಮ ಬರುವ ಸದ್ದು, ಅಂದರೆ ಫ್ಯಾನು, ಎಂಜಿನ್ನು, ಇವನ್ನು ಮಷೀನು ಗದ್ದಲ ಅಂತ ತಿಳಿದು ಕಡಿಮೆ ಮಾಡುತ್ತದೆ. ಎಳೆದು ನಿಲ್ಲಿಸಿದ ಸ್ವರವನ್ನು ತನ್ನದೇ ಸಿಳ್ಳೆ ಅಂತ ತಪ್ಪು ತಿಳಿದು ಅಳಿಸಲು ಹೋಗುತ್ತದೆ. ಒಂದೇ ಸಮ ನುಡಿಯುವುದು ತಂಬೂರಿಯ ಧರ್ಮ. ಎಳೆದು ನಿಲ್ಲಿಸುವುದು ಖಯಾಲಿನ ಧರ್ಮ. ಅಪ್ಪನ ಮಷೀನು ಎರಡನ್ನೂ ಕಸ ಅಂತ ಗುಡಿಸಿ ಹೊರಗೆ ಹಾಕುತ್ತಿತ್ತು. ಅಪ್ಪ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಇದಕ್ಕೆ ದಾರಿಯೂ ಇದೆ. ಹಲವು ಡಿಜಿಟಲ್ ಮಷೀನುಗಳಲ್ಲಿ ಸಂಗೀತಕ್ಕಂತಲೇ ಬೇರೆ ಪ್ರೋಗ್ರಾಂ ಹಾಕಿಕೊಡಬಹುದು. ಅದರಲ್ಲಿ ಗದ್ದಲ ತೆಗೆಯುವುದು, ಸಿಳ್ಳೆ ತಡೆಯುವುದು ಇವನ್ನು ಆರಿಸುತ್ತಾರೆ ಅಥವಾ ಕಡಿಮೆ ಮಾಡುತ್ತಾರೆ. ನಾವೇ ಮಾಡುವ ಕೆಲಸವಲ್ಲ, ಆಡಿಯಾಲಜಿಸ್ಟ್ ಮಾಡಬೇಕು. ಅದಕ್ಕೆ ಮೊದಲು ನಾವು ಕೇಳಬೇಕು. ನಿಮ್ಮ ಮನೆಯಲ್ಲೂ ಯಾರಾದರೂ ಮಷೀನು ತೆಗೆದಿಟ್ಟಿದ್ದರೆ, ದಯವಿಟ್ಟು ಒಂದು ಸಲ ಕೇಳಿ ನೋಡಿ.

ಈ ವರ್ಷದ ಸೆಪ್ಟೆಂಬರ್ 12

ಈ ವರ್ಷ ಆ ದಿನ ಶುಕ್ರವಾರ ಬಂತು. ರಜೆ ಹಾಕಿ ಊರಿಗೆ ಹೋದೆ. ತೋಟದಲ್ಲಿ ಅಕ್ಟೋಬರ್ ಚಾಟ್ನಿಗೆ ಇನ್ನೂ ಹೊತ್ತಿತ್ತು, ಅಪ್ಪನಿಗೂ ಬಿಡುವು. ಬೈಕ್ ಮೇಲೆ ಕೂಡಿಸಿಕೊಂಡು ವಿಜಯಪುರಕ್ಕೆ ಹೋದೆವು. ಆಡಿಯಾಲಜಿಸ್ಟ್ ಮೇಡಂ ಅಪ್ಪನ ಮಾತು ತಾಳ್ಮೆಯಿಂದ ಕೇಳಿ, ಸಂಗೀತದ ಪ್ರೋಗ್ರಾಂ ಹಾಕಿ, ಮಷೀನಿನ ಯಾವ ಗುಂಡಿ ಒತ್ತಿದರೆ ಅದು ಬರುತ್ತದೆ ಅಂತ ಹತ್ತು ಸಲ ತೋರಿಸಿದರು. "ಮೊದಲಿನ ಕಿವಿ ತಿರುಗಿ ಬರುವುದಿಲ್ಲ ಅಜ್ಜಾರ, ಇದ್ದದ್ದರಲ್ಲಿ ಚಲೋ ಮಾಡೋಣ" ಅಂದರು. ನೇರ ಮಾತು. ಅಪ್ಪನಿಗೆ ಹಿಡಿಸಿತು.

ಬರುವಾಗ ತೊರವಿಯಲ್ಲಿ ಗಾಡಿ ನಿಲ್ಲಿಸಿದೆ. ಸಂಗೀತ ಮಹಲಿನ ಕಮಾನಿನ ಕೆಳಗೆ ಯಾರೂ ಇರಲಿಲ್ಲ. ಅಪ್ಪ ಕಲ್ಲಿನ ಮೇಲೆ ಕೂತ. ಪಾರಿವಾಳಗಳು ಒಮ್ಮೆಲೇ ಎದ್ದವು. ಅಪ್ಪ ತಲೆ ಎತ್ತಿದ. ರೆಕ್ಕೆಯ ಸದ್ದು ಕೇಳಿಸಿತು ಅಂತ ಆಗ ನನಗೆ ಗೊತ್ತಾಯಿತು. ಇಬ್ರಾಹಿಂ ಹೋದ ದಿನವೂ ಇದೇ ಅಂತ ಹೇಳಿದೆ, ತಂಬೂರಿಯ ಹೆಸರು ಹೇಳಿದೆ. "ಮೋತಿಖಾನ್!" ಅಂತ ನಕ್ಕ. "ನಾವು ಎತ್ತಿಗೆ ಹೆಸರಿಡತಿದ್ದೆವು. ಅಂವಾ ತಂಬೂರಿಗೆ ಇಟ್ಟಿದ್ದ. ಎರಡೂ ಒಂದ ಬಿಡು, ಅನ್ನಾ ಹಾಕೂವು."

ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತೆವು. ಅವ್ವ ಫ್ಯಾನ್ ಆರಿಸಿದಳು. ಫೋನನ್ನು ಸಣ್ಣ ಸ್ಪೀಕರಿಗೆ ಜೋಡಿಸಿ ಮನ್ಸೂರರ ನಟ್ ಬಿಹಾಗ್ ಹಚ್ಚಿದೆ. ಅಪ್ಪ ಗುಂಡಿ ಒತ್ತಿಕೊಂಡ. ಮೊದಲು ಹುಬ್ಬು ಗಂಟಿಕ್ಕಿಕೊಂಡೇ ಇದ್ದ. ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ, ಹೊಸ ಪ್ರೋಗ್ರಾಂ ಮೊದಲ ಸಲ ಓಡಿಸಿದಾಗ ಪರದೆ ನೋಡುವ ಹಾಗೆ. ಸ್ವಲ್ಪ ಹೊತ್ತಿಗೆ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಮುಗಿಯುವ ತನಕ ಯಾರೂ ಮಾತಾಡಲಿಲ್ಲ.

"ಹ್ಯಾಂಗ ಕೇಳಿಸಿತಪ್ಪಾ?" ಅಂದೆ.

"ತಂಬೂರಿ ಅರ್ಧಾ ಬಂತು ತಮ್ಮಾ" ಅಂದ. "ಉಳಿದ ಅರ್ಧಾ ನನಗ ನೆನಪೈತಿ."

ಡಬ್ಬಿ ಈಗ ದೇವರ ಗೂಡಿನಲ್ಲಿಲ್ಲ, ಅಪ್ಪನ ಅಂಗಿಯ ಕಿಸೆಯಲ್ಲಿದೆ. ನಾನು ಬೆಂಗಳೂರಿಗೆ ವಾಪಸ್ ಬಂದು ಲಿಫ್ಟ್ ಪರದೆಯ ಪಟ್ಟಿಗೆ ಸೆಪ್ಟೆಂಬರ್ 12ರ ಸಾಲುಗಳನ್ನು ಸೇರಿಸಿದೆ: ಇಬ್ರಾಹಿಂ, ಸವಾಯಿ ಗಂಧರ್ವ, ಜೈಕಿಶನ್, ಮನ್ಸೂರ. ಶೂಮನ್, ಪಿಯರ್ಟ್, ಕ್ಯಾಶ್ ಅವರನ್ನು ತೆಗೆದಿಲ್ಲ. ಅವರ ಪಾಡಿಗೆ ಅವರೂ ಇರಲಿ, ಜಾಗ ಸಾಕಷ್ಟಿದೆ.

ಮುಂದಿನ ತಾರೀಖು ಯಾವುದು ಹಾಕಲಿ ಅಂತ ಅಪ್ಪನನ್ನು ಕೇಳಿದೆ. ಯೋಚನೆ ಮಾಡದೆ, "ಜುಲೈ 21. ಗಂಗೂಬಾಯಿ ಅವರು ಹೋದ ದಿನಾ, 2009" ಅಂದ. ಹುಡುಕಿ ನೋಡಿದೆ, ಸರಿಯಿತ್ತು.

ಅಪ್ಪನ ತಲೆಯಲ್ಲಿ ಇಂಥ ಎಷ್ಟು ತಾರೀಖು ಇವೆಯೋ! ಈ ದೀಪಾವಳಿಗೆ ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿ ಬರೆದುಕೊಳ್ಳಬೇಕು ಅಂತಿದ್ದೇನೆ. ನಿಮ್ಮ ಮನೆಯ ಹಿರಿಯರ ಹತ್ತಿರವೂ ಇಂಥದ್ದೊಂದು ದಿನ ಇದ್ದೇ ಇರುತ್ತದೆ. ಕೇಳಿ, ಬರೆದಿಟ್ಟುಕೊಳ್ಳಿ. ಆ ದಿನ ಬಂದಾಗ ಫ್ಯಾನ್ ಆರಿಸಿ, ಜೊತೆಗೆ ಕೂತು ಒಂದು ಹಾಡು ಕೇಳಿ.